ಮೊರದ ಮರೆಯ ದಾಳ

ಕಿನ್ನಾಳದ ನಮ್ಮ ನೆರೆಮನೆಯ ಕಾಕಾ ಅವರ ಬಲಗೈ ಹೆಬ್ಬೆರಳಿನ ಉಗುರು ಸದಾ ಕೆಂಪು. ಮರದ ಗೊಂಬೆಗಳಿಗೆ ಬಣ್ಣ ಹಚ್ಚಿ ಹಚ್ಚಿ ಅದು ಉಗುರಿನೊಳಕ್ಕೇ ಇಳಿದುಬಿಟ್ಟಿತ್ತು. ಊಟಕ್ಕೆ ಕೂತಾಗ ಕಾಕಿ ಬೈದರೆ, "ಅನ್ನಾ ಹಾಕೂ ಬಣ್ಣಾ ಐತಿದು, ಇರ್ಲಿ ಬಿಡ" ಎಂದು ನಗುತ್ತಿದ್ದರು.

ಹುಬ್ಬಳ್ಳಿಯ ಹಾಸ್ಟೆಲಿನಲ್ಲಿ ನಾನೊಂದು ಆಟ ಕಲಿತಿದ್ದೆ. ಒಬ್ಬರು ಕಥೆ ನಡೆಸಬೇಕು, ಉಳಿದವರು ಅದರೊಳಗಿನ ಪಾತ್ರಗಳಾಗಬೇಕು. ಏನು ಮಾಡುತ್ತೇವೆಂದು ಅವರೇ ಹೇಳಬೇಕು. ಅದು ಆದೀತೋ ಇಲ್ಲವೋ ದಾಳ ಹೇಳುತ್ತದೆ. ರಜೆಯ ಮಧ್ಯಾಹ್ನ ಕಾಕಾ ಅವರ ಪಡಸಾಲೆಯಲ್ಲಿ ಮೂವರು ಗೆಳತಿಯರಿಗೆ ನಾನು ಕಥೆ ನಡೆಸುತ್ತಿದ್ದೆ. ನನ್ನ ಒಂದು ಮಾತಿಗೆ ಮೂವರೂ ಉಸಿರು ಬಿಗಿಹಿಡಿದು ಕೂರುತ್ತಿದ್ದರಲ್ಲ, ಆ ಖುಷಿ ಏನು ಹೇಳಲಿ! ದಾಳ ಕಾಕಾ ಕೆತ್ತಿಕೊಟ್ಟದ್ದು. ಅದನ್ನು ನಾನು ಮೊರ ಅಡ್ಡವಿಟ್ಟು ಉರುಳಿಸುತ್ತಿದ್ದೆ. ಕಾಕಾ ನನ್ನ ಬೆನ್ನ ಹಿಂದೆ ಕೂತು ಬಣ್ಣ ಹಚ್ಚುತ್ತ, ಕೇಳಿಸದವರಂತೆ ಎಲ್ಲ ಕೇಳುತ್ತಿದ್ದರು. ಮರುದಿನ ಬೆಳಿಗ್ಗೆ ಮಾತ್ರ, "ಆ ಹುಲಿ ಎತ್ತಾಗ ಹೋತವಾ?" ಎಂದು ಕೇಳದೆ ಬಿಡುತ್ತಿರಲಿಲ್ಲ.

ಆ ಮೂವರಲ್ಲಿ ಒಬ್ಬಳು ಪಿಯುಸಿಯಲ್ಲಿ ಎರಡನೇ ಸಲ ಫೇಲಾಗಿದ್ದಳು. ನಮ್ಮ ಮುಖ ನೋಡಲಾರದೆ ತಿಂಗಳುಗಟ್ಟಲೆ ಬಂದಿರಲಿಲ್ಲ. ಒಂದು ಭಾನುವಾರ ಕೈಕಾಲು ಹಿಡಿದು ಕರೆತಂದಿದ್ದೆ. ಇವತ್ತಾದರೂ ಇವಳು ಸೋಲಬಾರದು ಎಂಬುದೊಂದೇ ನನ್ನ ತಲೆಯಲ್ಲಿ.

ಕಥೆಯಲ್ಲಿ ಅವಳು ಅಂಬಿಗಿತ್ತಿ. ತುಂಬಿದ ಹೊಳೆಯಲ್ಲಿ ಬಿತ್ತನೆಯ ಭತ್ತ ಹೇರಿಕೊಂಡು ನಡುವಿನ ವಿರೂಪಾಪುರಗಡ್ಡೆಗೆ ಹರಿಗೋಲು ಹಾಕಿದ್ದಳು. ದಾಟಲು ಐದಾದರೂ ಬೀಳಬೇಕಿತ್ತು. ಬಿದ್ದದ್ದು ಎರಡು.

"ಐದು!" ಎಂದು ಕೂಗಿದೆ.

"ಎರಡ ಬಿದ್ದೈತಿ," ಎಂದರು ಹಿಂದಿನಿಂದ ಕಾಕಾ.

ಗೆಳತಿ ಎದ್ದು ನಿಂತಳು. "ನನ್ನ ಮ್ಯಾಲ ಕನಿಕರಾ ಮಾಡಾಕ ಕರ್ಕೊಂಡ್ ಬಂದಿಯೇನು?" ಒಂದು ಕಾಲು ಆಗಲೇ ಚಪ್ಪಲಿಯಲ್ಲಿತ್ತು. ಈಗ ಹೋದರೆ ಇವಳು ಮತ್ತೆಂದೂ ಬರುವುದಿಲ್ಲ. ಕಾಕಾ ಅವರ ಮೇಲೆ ಮೈಯೆಲ್ಲ ಉರಿಯುವ ಸಿಟ್ಟು.

ಕಾಕಾ ಎದ್ದು ಬಂದು ಮೊರ ತೆಗೆದು ಗೋಡೆಗೆ ಆನಿಸಿದರು. "ತಪ್ಪು ಈಕೀದು, ತಂಗಿ. ನಿನ್ನ ಹರಿಗೋಲು ಮುಳಗೇತಿ. ನೀ ಏನ್ ಮಾಡ್ತಿ, ಅದನ್ನ ಹೇಳಿ ಹೋಗು."

ಅವಳು ಬಾಗಿಲ ಕಡೆ ನೋಡಿದಳು, ದಾಳದ ಕಡೆ ನೋಡಿದಳು.

"ಈಸ್ತೀನಿ," ಎಂದಳು ಕೊನೆಗೆ.

"ದಂಡಿ ಭಾಳ ದೂರ ಐತಿ," ಎಂದೆ.

"ಇರ್ಲಿ. ದಾಳ ಇತ್ತಾಗ ಕೊಡು."

ಎಲ್ಲರೆದುರು ಅವಳೇ ಎಸೆದಳು. ಮೂರು ಬಿತ್ತು, ಬಂಡೆಗೆ ಬಡಿದುಕೊಂಡಳು. ಮತ್ತೆ ಎಸೆದಳು, ಒಂದು. ಕೈಯಲ್ಲಿ ಹಿಡಿದಿದ್ದ ಭತ್ತದ ಚೀಲವೂ ಹೋಯಿತು. ನಾಲ್ಕನೇ ಸಲಕ್ಕೆ ಬರಿಗೈಲಿ ದಂಡೆ ಹತ್ತಿದಾಗ ಅವಳ ಹಣೆ ಬೆವೆತಿತ್ತು, ಮುಖದಲ್ಲಿ ನಗು ಇತ್ತು. ಮುಂದಿನ ಭಾನುವಾರ ಎಲ್ಲರಿಗಿಂತ ಮೊದಲು ಬಂದು ಕೂತವಳು ಅವಳೇ.

ಹೋದ ವರ್ಷ ಕಾಕಾ ತೀರಿಕೊಂಡರು. ಈಗ ನಾವಿರುವ ಗಂಗಾವತಿಯಿಂದ ನಾನೂ ಆ ಗೆಳತಿಯೂ ಒಂದೇ ಬಸ್ಸಿನಲ್ಲಿ ಮಣ್ಣಿಗೆ ಹೋದೆವು. ಊರು ಹತ್ತಿರ ಬಂದಾಗ, "ನೀ ಐದು ಅಂದಾಗನ ಅದು ಸುಳ್ಳಂತ ನನಗ ತಿಳದಿತ್ತು. ಅವತ್ತ ಕಾಕಾ ಬಾಯಿ ಬಿಡದಿದ್ರ ನಾ ನಿನ್ನ ಮಾತ ನಂಬತಿದ್ದಿಲ್ಲ ನೋಡು, ಯಾವತ್ತೂ," ಎಂದಳು.

ನನಗೂ ಗೊತ್ತಿತ್ತು. ಇಷ್ಟು ವರ್ಷ ಗೊತ್ತಿತ್ತು. ಕಾಕಾ ಬದುಕಿರುವಾಗ ಒಂದು ಸಲವೂ ಅವರಿಗೆ ಅದನ್ನು ಹೇಳಲಿಲ್ಲ.