ಮೌಸ್ ಅವನ ಕೈಲಿ, ಕೀಬೋರ್ಡ್ ನನ್ನ ಕೈಲಿ

ವಿಮಾನ ನಗರ ಬಡಾವಣೆಯ ಆ ಆಫೀಸಿನಲ್ಲಿ ಹೊಸಬರಿಗೆ ಇಬ್ಬರಿಗೊಂದು ಕಂಪ್ಯೂಟರ್. ನನ್ನ ಪಾಲಿಗೆ ಬಂದವನು ಭೋರ್ ಕಡೆಯ ಮರಾಠಿ ಹುಡುಗ. ಮೌಸ್ ಅವನಿಗೆ, ಕೀಬೋರ್ಡ್ ನನಗೆ. ಜಗಳವಾಡುತ್ತಲೇ ಕೆಲಸ ಕಲಿತೆವು, ವರ್ಷ ತುಂಬುವುದರೊಳಗೆ ಪ್ರೀತಿಯೂ ಆಗಿಹೋಯಿತು.

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು, ವೆಬ್‌ಸೈಟ್ ಮಾಡಿಕೊಡುವುದು ನಮ್ಮ ಕೆಲಸ. ಬ್ರೌಸರ್ ಕೊಡುವ ಬೂದು ಬಟನ್ ಗಿರಾಕಿಗಳಿಗೆ ಹಿಡಿಸುತ್ತಿರಲಿಲ್ಲ. ಬಣ್ಣದ ಚಿತ್ರವನ್ನೇ ಬಟನ್ ಮಾಡಿಕೊಡಬೇಕಿತ್ತು. ಚಿತ್ರಕ್ಕೇನು ಗೊತ್ತು? ಒತ್ತಿದರೆ ಏನಾಗಬೇಕು ಅನ್ನುವುದನ್ನೆಲ್ಲ ನಾವೇ ಬರೆಯಬೇಕು. ಮೌಸಿನ ಪಾಲು ಅವನು ಬರೆದ, ಕೀಬೋರ್ಡಿನ ಪಾಲು ನಾನು. ಅವನ ಬಟನ್ ಒತ್ತಿದಾಗಲ್ಲ, ಬೆರಳು ಬಿಟ್ಟಾಗ ಕೆಲಸ ಮಾಡುತ್ತಿತ್ತು. ನಡುವೆ ಮನಸ್ಸು ಬದಲಾದರೆ ಮೌಸನ್ನು ಮೆಲ್ಲಗೆ ಆಚೆ ಸರಿಸಿ ಬೆರಳು ಬಿಟ್ಟರಾಯಿತು, ಏನೂ ಆಗದು. ನನ್ನ ಎಂಟರ್ ಹಾಗಲ್ಲ, ಒತ್ತಿದರೆ ಮುಗಿಯಿತು. "ಜನಕ್ಕೆ ವಾಪಸ್ ಬರೋಕೆ ಒಂದು ದಾರಿ ಬೇಡವಾ?" ಎಂದು ಮರಾಠಿಯಲ್ಲಿ ಛೇಡಿಸುತ್ತಿದ್ದ. ವಾಪಸ್ ಬರುವವರು ಒತ್ತುವುದೇ ಯಾಕೆ ಎಂದು ನಾನು ರೇಗುತ್ತಿದ್ದೆ.

ನಾನು ಮನೆಯಲ್ಲಿ ಹೇಳಿಬಿಟ್ಟೆ. ಅಪ್ಪ ಮಾತು ಬಿಟ್ಟರು. ಅವ್ವ ಮಾತ್ರ, "ಹುಡುಗ ಚಲೋ ಅದಾನಂದ್ರ ಅವನೂ ಮನ್ಯಾಗ ಕೇಳ್ಲಿ. ಅವರವ್ವ ಹೂಂ ಅಂದ್ರ ನಿಮ್ಮಪ್ಪಗ ನಾ ಹೇಳ್ತೀನಿ," ಅಂದಳು. ದೀಪಾವಳಿಗೆ ಊರಿಗೆ ಹೊರಟವನಿಗೆ ಅದನ್ನೇ ಹೇಳಿದೆ. "ಈ ಸಲ ಆಯಿಗೆ ಹೇಳೇ ಹೇಳ್ತೀನಿ," ಎಂದ. ಅವ್ವನನ್ನು ಅವನು ಆಯಿ ಅನ್ನುತ್ತಿದ್ದ.

ವಾಪಸ್ ಬಂದವನ ಕೈಯಲ್ಲಿ ಪೇಢೆಯ ಡಬ್ಬಿ ಇತ್ತು. ಮದುವೆ ಗೊತ್ತಾಗಿದೆಯಂತೆ, ಹುಡುಗಿ ಸೋದರಮಾವನ ಮಗಳಂತೆ. ಇಡೀ ಆಫೀಸಿಗೆ ಹಂಚಿ ಕಡೆಗೆ ನಮ್ಮ ಮೇಜಿಗೆ ಬಂದ. ಎಲ್ಲರೂ ನೋಡುತ್ತಿದ್ದರು, ತಿಂದೆ. ಇವನೊಬ್ಬ ಹೇಡಿ ಎಂದು ಮೈಯೆಲ್ಲ ಉರಿಯುತ್ತಿತ್ತು. ಅಷ್ಟಾದರೂ ಅವನು ಪಕ್ಕದಲ್ಲಿ ಬಂದು ಕೂತಾಗ ನನಗೆ ಹಿತವೇ ಆಯಿತು. ಆ ಹಾಳು ಮನಸ್ಸಿಗೆ ಏನು ಹೇಳುವುದು.

ಊಟದ ಹೊತ್ತಿಗೆ ಎಲ್ಲರೂ ಎದ್ದು ಹೋದ ಮೇಲೆ ಕೇಳಿದೆ, "ಆಯಿ ನನ್ನನ್ನ ಯಾಕೆ ಬೇಡ ಅಂದರು? ಜಾತಿನಾ, ಭಾಷೆನಾ?"

ಅವನು ಪರದೆ ನೋಡುತ್ತಲೇ ಇದ್ದ. "ನಾನು ಕೇಳಲಿಲ್ಲ," ಎಂದ. "ಬಾಯಿವರೆಗೂ ಬಂದಿತ್ತು. ಅಷ್ಟರಲ್ಲಿ ಮಾವ ಬಂದುಬಿಟ್ಟರು."

ಆ ಆಯಿಯ ಜೊತೆ ಜಗಳವಾಡಲು ನಾನು ಬೆಳಗಿನಿಂದ ಎಷ್ಟು ಮಾತು ಕೂಡಿಸಿಟ್ಟುಕೊಂಡಿದ್ದೆ. ಅವರಿಗೆ ನಾನೊಬ್ಬಳು ಇದ್ದೇನೆ ಅಂತಲೇ ಗೊತ್ತಿರಲಿಲ್ಲ.

ಸಂಜೆ ಮನೆಗೆ ಬಂದರೆ ಅವ್ವ ಬಾಗಿಲಲ್ಲೇ ನಿಂತಿದ್ದಳು. "ಏನಂದ್ರು ಅವರವ್ವ?" ಅಂದಳು.

"ಬ್ಯಾಡ ಅಂದ್ರಂತ," ಅಂದೆ.