ಮೋಟಾರಿನ ಮೇಲೆ ಒಂದು ಚೊಂಬು ನೀರು

ಬುಗುರಿ ಮಾಡುವ ಸಾಬರ ಬಲಗೈ ಹೆಬ್ಬೆಟ್ಟು ಚಪ್ಪಟೆಯಾಗಿತ್ತು. ಮೂವತ್ತು ನಲವತ್ತು ವರ್ಷ ಬಿಸಿ ಅರಗನ್ನು ಒತ್ತಿ ಒತ್ತಿ ಅದರ ಗೆರೆಗಳೆಲ್ಲ ಅಳಿಸಿಹೋಗಿದ್ದವು. ಉಗುರಿನ ಸುತ್ತ ಮಾತ್ರ ಕೆಂಪು, ಹಳದಿ, ಹಸಿರಿನ ಎಳೆಗಳು ಕೂತಿದ್ದವು, ತೊಳೆದರೂ ಹೋಗದಂಥವು. ಯಾವುದೋ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದಾಗ ಗುಮಾಸ್ತ, "ಇದೇನ್ರೀ, ಬರೀ ಮಸಿ ಬಿತ್ತು, ಗುರುತೇ ಇಲ್ಲ" ಅಂದನಂತೆ. "ಗುರುತೆಲ್ಲ ಬುಗುರಿ ಮೇಲೆ ಹೋಗೈತೆ ಸ್ವಾಮಿ, ಊರ ತುಂಬ ತಿರುಗ್ತಾ ಐತೆ" ಅಂದರಂತೆ ಇವರು.

ಆ ಹೆಬ್ಬೆಟ್ಟಿನ ಮೇಲೆ ಚನ್ನಪಟ್ಟಣದಲ್ಲಿ ಒಂದು ಕಥೆಯಿದೆ. ನಮ್ಮ ದೊಡ್ಡಪ್ಪನ ಮೋಟಾರು ಕಾರಿನ ಮಾಡು ಸೋರುತ್ತಿತ್ತು, ಬುಗುರಿ ಸಾಬರು ಒಂದೇ ಒಂದು ಕಡ್ಡಿ ಅರಗು ತಗೊಂಡು ಹೆಬ್ಬೆಟ್ಟಿನಿಂದ ಒತ್ತಿದರು, ಸೋರಿಕೆ ನಿಂತಿತು, ಇವತ್ತಿನವರೆಗೂ ಒಂದು ತೊಟ್ಟು ಬಿದ್ದಿಲ್ಲ. ಸಂತೆಗೆ ಬಂದವರೂ ಇದನ್ನು ಹೇಳುತ್ತಾರೆ, ಸಾಬರ ಬೀದಿಯವರೂ ಹೇಳುತ್ತಾರೆ. ಎಲ್ಲರಿಗಿಂತ ಜೋರಾಗಿ, ಕೈ ಎತ್ತಿ ಒತ್ತಿ ತೋರಿಸಿ ಹೇಳುವವರು ನಮ್ಮ ದೊಡ್ಡಪ್ಪ.

ನಾನು ಇದನ್ನು ಒಪ್ಪುವುದಿಲ್ಲ. ಕಾಲೇಜಿನ ಚರ್ಚಾಕೂಟದಲ್ಲಿ ಪಳಗಿದವನು ನಾನು, ಕೇಳಿದ್ದನ್ನೆಲ್ಲ ನಂಬುವ ಅಭ್ಯಾಸವಿಲ್ಲ. ಆದರೆ ಇಲ್ಲಿ ತರ್ಕವೇ ಬೇಡ. ನಾನು ಅಲ್ಲೇ ಇದ್ದೆ. ಅರಗಿನಿಂದ ಸೋರಿಕೆ ನಿಲ್ಲಲಿಲ್ಲ, ಅರಗಿನಿಂದಲೇ ಅದು ಮೂರು ಪಟ್ಟಾಯಿತು. ಆ ಅರಗನ್ನು ಅಲ್ಲಿ ಹಾಕಿಸಿದವನು ಯಾರು ಎಂಬುದು ಕಥೆಯಲ್ಲಿ ಇಲ್ಲವೇ ಇಲ್ಲ.

ಸಾಬರ ಅಂಗಡಿ ನಮ್ಮ ಬೆಲ್ಲದ ಮಂಡಿಯ ಎದುರುಸಾಲಿನಲ್ಲಿತ್ತು. ನೆಲದ ಮೇಲೆ ಕೂತು, ಎಡಗೈಯಲ್ಲಿ ಬಿಲ್ಲು ಎಳೆದು ಮರ ತಿರುಗಿಸುತ್ತ, ಬಲಗೈಯಲ್ಲಿ ಉಳಿ ಹಿಡಿದು ಕಡೆಯುತ್ತಿದ್ದರು. ಮೇಲೆ ಅರಗಿನ ಕಡ್ಡಿ ಒತ್ತಿದರೆ ತಿಕ್ಕಾಟದ ಬಿಸಿಗೆ ಬಣ್ಣ ಕರಗಿ ಹರಡುತ್ತಿತ್ತು. ಕೊನೆಗೆ ಕೇದಗೆ ಗರಿಯಿಂದ ಉಜ್ಜಿದರೆ ಮುಖ ಕಾಣುವ ಹೊಳಪು. ಆದರೆ ಎಷ್ಟೇ ಹೊಳೆಯಲಿ, ಪ್ರತಿಯೊಂದು ಬುಗುರಿಯನ್ನೂ ಮೊದಲು ತಮ್ಮ ಅಂಗೈ ಮೇಲೆ ಆಡಿಸದೆ ಹೊರಗೆ ಬಿಡುತ್ತಿರಲಿಲ್ಲ. ನೆಟ್ಟಗೆ ನಿಂತು ತಿರುಗಿದರೆ ಬುಟ್ಟಿಗೆ. ಓಲಾಡಿದರೆ, "ಓಲಾಡೋದು ಒಲೆಗೆ" ಎಂದು ಹಿಂದಕ್ಕೆಸೆಯುತ್ತಿದ್ದರು. ಅವರ ಮನೆಯ ಅನ್ನವೆಲ್ಲ ಓಲಾಡುವ ಬುಗುರಿಯಲ್ಲೇ ಬೇಯುತ್ತದೆ ಎಂದು ಬೀದಿಯವರು ನಗುತ್ತಿದ್ದರು.

ರಜಕ್ಕೆ ಬಂದಾಗಲೆಲ್ಲ ನನಗೆ ಅವರೊಡನೆ ವಾದ ಮಾಡುವುದೇ ಕೆಲಸ. ನನ್ನನ್ನು ಅವರು "ವಕೀಲರು" ಎಂದೇ ಕರೆಯುತ್ತಿದ್ದರು.

"ಸಾಬರೇ, ದೇವರಿದ್ದಾನೆ ಅನ್ನೋದಕ್ಕೆ ಏನು ಪ್ರಮಾಣ?"

"ಬನ್ನಿ ವಕೀಲರೇ, ಕೂತ್ಕಳಿ. ಪ್ರಮಾಣ ಬೇಕೋ, ಬುಗುರಿ ಬೇಕೋ?"

"ಪ್ರಮಾಣ."

"ಅದು ಎದುರಂಗಡೀಲಿ ಸಿಗತ್ತೆ. ನಮ್ಮತ್ರ ಬುಗುರಿ ಮಾತ್ರ."

ಎದುರಂಗಡಿ ಅಂದರೆ ನಮ್ಮದೇ ಮಂಡಿ. ಅಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ ದೊಡ್ಡಪ್ಪ ಹಣೆ ತುಂಬ ವಿಭೂತಿ ಬಳಿದು ಕೂತಿರುತ್ತಿದ್ದರು.

ಆ ದೊಡ್ಡಪ್ಪ ಬೆಂಗಳೂರಿನಿಂದ ಒಂದು ಮೋಟಾರು ಕೊಂಡು ತಂದರು. ದಂಡಿನಲ್ಲಿದ್ದ ಯಾರೋ ದೊರೆ ಸೀಮೆಗೆ ಹಿಂತಿರುಗುವಾಗ ಮಾರಿದ್ದು. ಅದರ ವಿಶೇಷ ಏನೆಂದರೆ, ಮಾಡಿನಲ್ಲಿ ಒಂದು ಜಾರುವ ಬಾಗಿಲಿತ್ತು. ಹಿಂದಕ್ಕೆ ತಳ್ಳಿದರೆ ಒಳಗೆ ಕೂತವರಿಗೆ ಆಕಾಶ ಕಾಣಿಸುತ್ತಿತ್ತು. ನಮ್ಮೂರಿನವರು ಅದಕ್ಕೆ ಬೆಳಕಿಂಡಿ ಎಂದು ಹೆಸರಿಟ್ಟರು. ದೊಡ್ಡಪ್ಪ ತಾವೇ ಓಡಿಸುವುದು ಕಲಿತು, ಬೆಳಕಿಂಡಿ ತೆರೆದು, ರುಮಾಲು ಗಾಳಿಗೆ ಅದುರಿಸಿಕೊಂಡು ಊರೆಲ್ಲ ಸುತ್ತಿದರು. ರಾತ್ರಿಯಾದರೆ ಮನೆಯ ಮುಂದಿನ ಹೊಂಗೆ ಮರದ ಕೆಳಗೆ ನಿಲ್ಲಿಸುತ್ತಿದ್ದರು.

ಮುಂಗಾರು ಬಂತು. ಬೆಳಕಿಂಡಿ ಮುಚ್ಚಿದ್ದರೂ ಅದರ ಅಂಚಿನಿಂದ ತೊಟತೊಟ ನೀರು.

ಹೊತ್ತು ಕೆಟ್ಟದ್ದು. ದೊಡ್ಡಪ್ಪನ ಒಬ್ಬಳೇ ಮಗಳು, ನನ್ನ ಅಕ್ಕ, ಸಾತನೂರಿನಲ್ಲಿ ಗಂಡನ ಮನೆಯಲ್ಲಿ ಚೊಚ್ಚಲ ಬಸುರಿ. ಏಳನೇ ತಿಂಗಳು ಮುಗಿಯುವುದಕ್ಕೆ ಒಂದು ವಾರವಿತ್ತು. ಎಂಟರಲ್ಲಿ ಬಸುರಿಯನ್ನು ಊರು ದಾಟಿಸಬಾರದು ಎಂದು ಎರಡು ಮನೆಯ ಮುದುಕಿಯರಿಗೂ ಖಂಡಿತ. ಒಂಬತ್ತಕ್ಕೆ ಕಾದರೆ ಮಳೆ ಬಲಿತು ಆ ರಸ್ತೆಯಲ್ಲಿ ಏನೂ ಹೋಗುವಂತಿಲ್ಲ. ಈ ವಾರ ಕರೆತಂದರೆ ಹೆರಿಗೆ ತಾಯಿಯ ಕೈಯಲ್ಲಿ, ಇಲ್ಲದಿದ್ದರೆ ಇಲ್ಲ. ದೊಡ್ಡಮ್ಮ ಎತ್ತಿನ ಗಾಡಿಯ ಕುಲುಕಾಟ ಬೇಡವೆಂದರು, ಸೋರುವ ಮೋಟಾರೂ ಬೇಡವೆಂದರು.

"ಸಾಬ್ರೇ, ಒಸಿ ನೋಡಿ ಇದ್ನ" ಎಂದು ದೊಡ್ಡಪ್ಪ ಸಾಬರನ್ನು ಕರೆಸಿ, ಮಂಡಿಗೆ ಹೋದರು. ಚನ್ನಪಟ್ಟಣದಲ್ಲಿ ಕೊಡದ ಬಿರುಕಿಗೂ ಅರಗು, ಕತ್ತಿಯ ಹಿಡಿಗೂ ಅರಗು. ಮೋಟಾರಿಗೆ ಮಾತ್ರ ಏಕೆ ಬೇಡ?

ಸಾಬರು ಏಣಿ ಹತ್ತಿ ಬಾಗಿಲು ಜಾರಿಸಿ ನೋಡಿದರು. ಕಿಂಡಿಯ ಸುತ್ತ ಬೆರಳಗಲದ ತಗಡಿನ ಕಾಲುವೆ, ಅದರ ನಾಲ್ಕು ಮೂಲೆಯಲ್ಲಿ ಕಡಲೆಗಾತ್ರದ ನಾಲ್ಕು ತೂತು.

"ವಕೀಲರೇ, ಈ ತೂತು ಬೇಕೂಂತಲೇ ಮಾಡಿರೋ ಹಂಗೈತೆ. ಅಂಚು ನೋಡಿ, ಎಷ್ಟು ನುಣುಪು. ಒಂದು ಚೊಂಬು ನೀರು ತರಿಸಿ, ಹುಯ್ದು ನೋಡೋಣ."

ಹಿಂದಿನ ವಾರವಷ್ಟೇ ನಾನು ಚರ್ಚೆಯಲ್ಲಿ ಪದಕ ಗೆದ್ದು ಬಂದಿದ್ದೆ. "ಹುಯ್ದು ನೋಡೋದೇನು ಸಾಬರೇ? ತೂತಿಲ್ಲದೆ ಏನೂ ಸೋರೋದಿಲ್ಲ. ಇದು ಸೋರುತ್ತಿದೆ. ತೂತೂ ಇಲ್ಲೇ ಇದೆ. ಮುಚ್ಚಿದರೆ ನಿಲ್ಲುತ್ತದೆ. ಇದರಲ್ಲಿ ಎಲ್ಲಿ ತಪ್ಪಿದೆ, ತೋರಿಸಿ."

ಅವರು ಗಡ್ಡ ಕೆರೆದುಕೊಂಡರು. "ಮಾತಲ್ಲಿ ತಪ್ಪಿಲ್ಲ. ತಗಡು ಏನಂತದೋ?"

"ತಗಡಿಗೆ ಬಾಯಿಲ್ಲ."

"ಆಯ್ತಪ್ಪಾ, ಓದಿದೋರು ನೀವು" ಎಂದು ಕೆಂಡದ ಮಡಕೆ ತರಿಸಿ, ಅರಗು ಕಾಯಿಸಿ, ನಾಲ್ಕು ತೂತಿಗೂ ಒತ್ತಿದರು. ಕೆಂಪು ಅರಗು. ನೋಡಲು ನಾಲ್ಕು ಕುಂಕುಮದ ಬೊಟ್ಟಿಟ್ಟಂತೆ ಇತ್ತು. ಕಥೆಯಲ್ಲಿ ಬರುವ ಹೆಬ್ಬೆಟ್ಟು ಒತ್ತಿದ್ದು ಇದೇ.

ಮಾರನೇ ದಿನ ನಾನೂ ದೊಡ್ಡಪ್ಪನೂ ಅಕ್ಕನಿಗೆ ಮಡಿಲಕ್ಕಿ ಹಾಕಿಸಿ ಕರೆತರಲು ಬುಟ್ಟಿ, ಹಣ್ಣು, ಸೀರೆ ಇಟ್ಟುಕೊಂಡು ಸಾತನೂರಿಗೆ ಹೊರಟೆವು. ಅರ್ಧ ದಾರಿಯಲ್ಲಿ ಮಳೆ ಹಿಡಿಯಿತು. ಒಂದು ತೊಟ್ಟೂ ಇಲ್ಲ. "ನೋಡ್ದಾ ನಮ್ ಸಾಬ್ರು ಕೈನಾ!" ಎಂದು ದೊಡ್ಡಪ್ಪ ಬೀಗಿದರು. ನಾನು ಮನಸ್ಸಿನಲ್ಲೇ ಇನ್ನೊಂದು ಪದಕ ಹಾಕಿಕೊಂಡೆ. ಅಷ್ಟರಲ್ಲಿ ಇಳಿಜಾರು ಬಂತು, ಅಡ್ಡಕ್ಕೆ ಎಮ್ಮೆ ಬಂತು, ದೊಡ್ಡಪ್ಪ ಬ್ರೇಕು ಒತ್ತಿದರು. ಹೊರಹೋಗಲು ದಾರಿಯಿಲ್ಲದೆ ಕಾಲುವೆಯಲ್ಲಿ ತುಂಬಿ ನಿಂತಿದ್ದ ನೀರೆಲ್ಲ ಒಮ್ಮೆಗೇ ಮುಂದಕ್ಕೆ ನುಗ್ಗಿ ಅವರ ರುಮಾಲಿನ ಮೇಲೆ ಬಿತ್ತು. ವಿಭೂತಿ ಕರಗಿ ಮೀಸೆಗೆ ಇಳಿಯಿತು. ಆಮೇಲೆ ಪ್ರತಿ ತಿರುವಿಗೂ ಒಬ್ಬೊಬ್ಬರಿಗೆ ಅಭಿಷೇಕ. ಎಡಕ್ಕೆ ತಿರುಗಿದರೆ ಅವರಿಗೆ, ಬಲಕ್ಕೆ ತಿರುಗಿದರೆ ನನಗೆ.

ಅಕ್ಕನ ಅತ್ತೆ ಬಾಗಿಲಲ್ಲೇ ನಿಂತು ನಮ್ಮನ್ನು ನೋಡಿದರು.

"ಅಲ್ಲ ಬೀಗ್ರೇ, ಮೋಟಾರಲ್ಲಿ ಬಂದ್ರೋ, ಕೆರೇಲಿ ಈಜ್ಕಂಡು ಬಂದ್ರೋ?"

"ಒಸಿ ಮಳೆ ಕಣವ್ವಾ..."

"ಈ ಜಲ್ಲಡೆ ಒಳಗೆ ಬಸುರಿ ಹೆಂಗ್ಸನ್ನ ಕೂರ್ಸಿ ಕಳ್ಸೋಕಾಯ್ತದಾ? ಸೋರದೇ ಇರೋದ್ರಲ್ಲಿ ಬನ್ನಿ, ಕಳುಸ್ತೀನಿ. ಇನ್ನ ನಾಕು ದಿನ ಐತೆ. ಆಮ್ಯಾಕೆ ಎಂಟಕ್ಕೆ ಬೀಳ್ತದೆ, ನನ್ನ ಕೇಳ್ಬ್ಯಾಡಿ."

ಅಕ್ಕ ಆಗಲೇ ಸೀರೆ ಉಟ್ಟು, ಹೂ ಮುಡಿದು, ಗಂಟು ಕಟ್ಟಿ ಕೂತಿದ್ದಳು. ಗಂಟು ಬಿಚ್ಚುವಾಗ ಅವಳು ನನ್ನನ್ನು ನೋಡಲಿಲ್ಲ, ಗೋಡೆ ನೋಡಿದಳು. ಅವಳಿಗೆ ಏನೂ ಗೊತ್ತಿರಲಿಲ್ಲ. ಆದರೂ ನನ್ನ ತಪ್ಪು ಅವಳಿಗೆ ಗೊತ್ತಿದೆ ಅನ್ನಿಸಿತು.

ಹಿಂದಿರುಗಿ ಬಂದ ದೊಡ್ಡಪ್ಪ ಒದ್ದೆ ಬಟ್ಟೆಯಲ್ಲೇ ಸಾಬರ ಅಂಗಡಿಯ ಮುಂದೆ ಮೋಟಾರು ನಿಲ್ಲಿಸಿ ಬೀದಿಗೆಲ್ಲ ಕೇಳುವಂತೆ ಕೂಗಿದರು. "ಏನ್ ಸಾಬ್ರೇ, ನೀವು ಮಾಡಿದ ಕೆಲ್ಸಾ! ಬೀಗ್ರ ಮುಂದೆ ನನ್ನ ಮಾನ ತೊಳ್ದೋಯ್ತಲ್ಲಾ! ಮಗಳ್ನ ಬುಟ್ಬುಟ್ಟು ಬಂದೆ! ಆ ತೂತು ಮುಚ್ಚು ಅಂತ ಯಾರು ಹೇಳಿದ್ದು ನಿಮಗೆ?"

ಜನ ಸೇರಿದರು. ನಾನು ದೊಡ್ಡಪ್ಪನ ಬೆನ್ನ ಹಿಂದೆಯೇ ಇದ್ದೆ. ಐನೂರು ಜನರ ಮುಂದೆ ಕಂಬದ ಹಾಗೆ ನಿಂತು ಮಾತಾಡಿದವನು. ಇನ್ನೊಂದು ಹೆಜ್ಜೆ ಹಿಂದಕ್ಕೆ ಸರಿದೆ.

ಸಾಬರು ಬಿಲ್ಲು ಕೆಳಗಿಟ್ಟರು. ನನ್ನ ಕಡೆ ನೋಡಲೂ ಇಲ್ಲ. "ತಪ್ಪು ನಂದೇ ಯಜಮಾನ್ರೇ. ಅರಗು ನಂದು, ಹೆಬ್ಬೆಟ್ಟೂ ನಂದು. ಓಲಾಡೋದು ಒಲೆಗೆ. ನಾಳೆ ಬೆಳಗ್ಗೆ ಬರ್ತೀನಿ, ಮತ್ತೆ ಕಡೆಯೋಣ."

ಅಷ್ಟೇ. ಕಾರಣ ಕೊಡಲಿಲ್ಲ, ನೆಪ ಹೇಳಲಿಲ್ಲ. ತಾನು ಸೋತೆ ಎಂದು ಅಷ್ಟು ಸಲೀಸಾಗಿ ಹೇಳಿದವರನ್ನು ನಾನು ಯಾವ ಚರ್ಚಾಕೂಟದಲ್ಲೂ ಕಂಡಿಲ್ಲ. ದೊಡ್ಡಪ್ಪನಿಗೂ ಬೈಯುವುದಕ್ಕೆ ಮುಂದೆ ಹಿಡಿ ಸಿಗದೆ, "ಬನ್ನಿ ಮತ್ತೆ" ಎಂದು ಸೀನಿದರು.

ಬೆಳಗ್ಗೆ ಬಂದವರು ಮೊದಲು ಸಣ್ಣ ಕಬ್ಬಿಣದ ಕಡ್ಡಿ ಕಾಯಿಸಿ ಅರಗನ್ನೆಲ್ಲ ಕರಗಿಸಿ ತೆಗೆದರು. ಆಮೇಲೆ ಬೆತ್ತದ ಸೀಳನ್ನು ಒಂದು ತೂತಿನೊಳಗೆ ಇಳಿಸಿದರು. ಅದು ಇಳಿಯುತ್ತಲೇ ಹೋಯಿತು, ಒಂದು ಮೊಳ, ಎರಡು ಮೊಳ. ಬಾಗಿಲ ಕಂಬದೊಳಗೆ ಕೊಳವೆಯಿತ್ತು! ಎಳೆದಾಗ ತುದಿಗೆ ಕಪ್ಪು ಮುದ್ದೆ ಅಂಟಿಕೊಂಡು ಬಂತು. ಸಾಬರು ಅದನ್ನು ಅಂಗೈ ಮೇಲಿಟ್ಟು ಬಿಡಿಸಿದರು. ಕೊಳೆತ ಹೊಂಗೆ ಹೂವು. ಚೈತ್ರದಿಂದ ಮರ ಉದುರಿಸಿದ್ದೆಲ್ಲ ಆ ನಾಲ್ಕು ಕೊಳವೆಯಲ್ಲಿ ಕೂತಿತ್ತು. ನಾಲ್ಕನ್ನೂ ಹಾಗೇ ಬಿಡಿಸಿದರು.

"ಈಗ ಕೊಡಿ ವಕೀಲರೇ ಚೊಂಬು."

ನಾನೇ ತಂದೆ. ಅವರು ಕಾಲುವೆಗೆ ನೀರು ಹುಯ್ದರು. ಎಲ್ಲರೂ ಒಳಗೆ ಬಗ್ಗಿ ನೋಡುತ್ತಿದ್ದೆವು. ಒಳಗೆ ಒಂದು ಹನಿಯಿಲ್ಲ. ಚಕ್ರದ ಪಕ್ಕ, ನೆಲದ ಮೇಲೆ, ನಾಲ್ಕು ಕಡೆ ಸಣ್ಣಗೆ ಧಾರೆ ಬಿತ್ತು.

ಸಾಬರು ಏಣಿಯ ಮೇಲೇ ಕೂತು ನಕ್ಕರು. "ಯಜಮಾನ್ರೇ, ನಾವು ಇದನ್ನ ಮಾಳಿಗೆ ಅಂದ್ಕಂಡ್ವಿ. ಇದು ತೊಟ್ಟಿಮನೆ! ನಿಮ್ಮ ಮನೆ ತೊಟ್ಟೀಗೆ ಮಳೆ ಬೀಳಲ್ವಾ? ಬೀಳತ್ತೆ. ತೂಬಲ್ಲಿ ಹೋಗತ್ತೆ. ತೂಬು ಮುಚ್ಚಿದ್ರೆ ನಡುಮನೆಗೆ ನುಗ್ಗತ್ತೆ. ನೀರಿಗೆ ಬರಬೇಡ ಅನ್ನೋಕಾಗಲ್ಲ. ಹೋಗೋ ದಾರಿ ತೋರಿಸ್ಬೇಕು."

ತೊಟ್ಟಿಮನೆಯಲ್ಲೇ ಹುಟ್ಟಿ ಬೆಳೆದವನು ನಾನು. ಅಂಗಳದ ತೂಬಿಗೆ ಎಲೆ ಸಿಕ್ಕಿಕೊಂಡಾಗ ಕೈ ಹಾಕಿ ತೆಗೆದವನು. ಅದು ನನಗೆ ಹೊಳೆಯಲಿಲ್ಲ. ಪದಕ ಅಡ್ಡ ಇತ್ತು.

ಮಾರನೇ ದಿನ ಸಾಬರನ್ನೂ ಕೂರಿಸಿಕೊಂಡು ಹೋದೆವು. ಮಳೆಯೂ ನಮ್ಮ ಪರವಾಗಿತ್ತು, ದಾರಿಯುದ್ದಕ್ಕೂ ಸುರಿಯಿತು. ಸಾತನೂರಿನಲ್ಲಿ ಅಕ್ಕನ ಅತ್ತೆ ಮೋಟಾರಿನೊಳಗೆ ಕೈಯಾಡಿಸಿ, ಕೂರುವ ಜಾಗ ಒತ್ತಿ, ದೊಡ್ಡಪ್ಪನ ರುಮಾಲು ಮುಟ್ಟಿ ನೋಡಿದರು. ಆಮೇಲೆ ಕೆಳಗೆ ಕಣ್ಣು ಹೋಯಿತು.

"ಅಯ್ಯೋ, ಇದೇನ್ರೀ ಬೀಗ್ರೇ, ನಿಮ್ ಮೋಟಾರು ನಿಂತಲ್ಲೇ ಉಚ್ಚೆ ಹುಯ್ತಾ ಐತೆ!"

"ಹೊರಗೆ ಹುಯ್ತಾ ಐತಲ್ವಾ ಅಮ್ಮಾ," ಎಂದರು ಸಾಬರು, "ಬುದ್ಧಿ ಇರೋ ಮೋಟಾರು."

ಅತ್ತೆ ಸೆರಗು ಬಾಯಿಗಿಟ್ಟು ನಕ್ಕರು. ನಕ್ಕ ಮೇಲೆ ಕಳುಹಿಸದೆ ಇರುವುದಕ್ಕಾಗುತ್ತದೆಯೇ? ಅಕ್ಕ ಮಡಿಲಕ್ಕಿ ಹಾಕಿಸಿಕೊಂಡು ಬೆಳಕಿಂಡಿಯ ಕೆಳಗೇ ಕೂತು ಬಂದಳು. ಅವಳ ಸೀರೆ ಒಣಗಿದ್ದು ಒಣಗಿದಂತೆಯೇ ಇತ್ತು. ಅವಳಿಗೆ ಮಗಳು ಹುಟ್ಟಿದಾಗ ಸಾಬರು ಕೆಂಪು ಅರಗಿನ ಗಿಲಕಿ ಮಾಡಿ ಕೊಟ್ಟರು. "ಆ ಮೋಟಾರಿಂದ ತೆಗೆದ ಅರಗು, ಬಿಸಾಕಲಿಲ್ಲ" ಎಂದರು. ನಿಜವೋ ತಮಾಷೆಯೋ ನನಗೆ ಗೊತ್ತಿಲ್ಲ, ಕೇಳಲೂ ಇಲ್ಲ.

ಹೋದ ವರ್ಷ ಅವರು ತೀರಿಕೊಂಡರು. ನಾನು ಮೈಸೂರಿನಿಂದ ಬರುವಷ್ಟರಲ್ಲಿ ಮಣ್ಣಾಗಿತ್ತು. ದೊಡ್ಡಪ್ಪ ಮಂಡಿ ಮುಚ್ಚಿ ಹೆಗಲು ಕೊಟ್ಟಿದ್ದರಂತೆ. ಈಗ ಚರ್ಚೆಗೆ ನಿಂತಾಗ ಎದುರಾಳಿ ಬಾಯಿ ಮುಚ್ಚುವಂಥ ಮಾತು ನಾಲಿಗೆಯ ತುದಿಗೆ ಬಂದರೆ, ನನಗೆ ಮೊದಲು ಒಂದು ಚೊಂಬು ನೀರು ನೆನಪಾಗುತ್ತದೆ. ಎರಡು ಸಲ ಎದ್ದು "ನನ್ನದು ತಪ್ಪು" ಎಂದಿದ್ದೇನೆ. ಪದಕಗಳು ಕಡಿಮೆಯಾಗಿವೆ.

ಈ ಸಲ ರಜಕ್ಕೆ ಬಂದಾಗ ಹೊಂಗೆ ಹೂವು ಉದುರಿ ಮುಗಿದಿತ್ತು. ದೊಡ್ಡಪ್ಪ ಏಣಿ ಹತ್ತಿ, ಬೆತ್ತದ ಸೀಳಿನಿಂದ ನಾಲ್ಕು ಕೊಳವೆಯನ್ನೂ ತಾವೇ ಚೊಕ್ಕಟ ಮಾಡುತ್ತಿದ್ದರು. ಪಕ್ಕದಲ್ಲಿ ಚೊಂಬು. ಕೆಳಗೆ ನಿಂತಿದ್ದ ಮಾಗಡಿಯ ಬೆಲ್ಲದ ವ್ಯಾಪಾರಿಗೆ ಅದೇ ಕಥೆ: "ನಮ್ ಸಾಬ್ರು ಒಂದು ಕಡ್ಡಿ ಅರಗು ತಗಂಡ್ರು, ಹೆಬ್ಬೆಟ್ಟಲ್ಲಿ ಹಿಂಗೆ ಒತ್ತುದ್ರು ಕಣಯ್ಯಾ, ಅಷ್ಟೇಯ!"

ವ್ಯಾಪಾರಿ ಹೋದ ಮೇಲೆ ನಾನು ಏಣಿ ಹಿಡಿದು ನಿಂತೆ. ಅವರು ನೀರು ಹುಯ್ದರು. ನನ್ನ ಕಾಲ ಬಳಿ ಧಾರೆ ಬಿತ್ತು.

"ದೊಡ್ಡಪ್ಪಾ, ಅರಗು ಒತ್ತಿದ ಮಾರನೇ ದಿನ ನೆಂದವರು ನೀವು. ಕೊಳವೆ ಬಿಡಿಸಿದ್ದು ನೋಡಿದವರೂ ನೀವು. ಆದರೂ ಅರಗು ಅಂತಲೇ ಹೇಳ್ತೀರಿ, ತೂತು ಯಾಕೆ ಮುಚ್ಚಿದರು ಅನ್ನೋದು ಮಾತ್ರ ಯಾರಿಗೂ ಹೇಳೋದಿಲ್ಲ. ಮುಚ್ಚು ಅಂದವನು ಯಾರು ಅಂತ ನಿಮಗೆ ಅವತ್ತೇ ಗೊತ್ತಿತ್ತಾ?"

"ಸಾಬ್ರು ಮುಚ್ಚಿಟ್ಟಿದ್ದನ್ನ ನಾನ್ಯಾಕೆ ಬಿಚ್ಲಿ ವಕೀಲ್ರೇ?" ಎಂದು ನಕ್ಕು ದೊಡ್ಡಪ್ಪ ಖಾಲಿ ಚೊಂಬನ್ನು ನನ್ನ ಕೈಗೆ ಇಳಿಸಿದರು.