ಜಾಗ ಬಿಟ್ಟು ಓಡಿದವನು

ಈಗಲೂ ರಾಜಾಜಿನಗರದ ಹಳಬರು ಯಾರಾದರೂ ಎದುರಾದರೆ ಅದನ್ನೇ ಕೇಳುತ್ತಾರೆ. "ಅಲ್ಲ ಸಾರ್, ಅಷ್ಟು ದೊಡ್ಡ ಟೀಮು ನಿಮ್ದು. ಆ ಬಿನ್ನಿಪೇಟೆ ಗಿರಣಿಯವರ ಕೈಲಿ ಹೆಂಗ್ ಸೋತ್ರಿ?" ಇವರಿಗೆ ಬೇರೆ ಕೆಲಸವಿಲ್ಲವೇ ಎಂದು ನನಗೆ ಮೊದಲು ಸಿಟ್ಟು ಬರುತ್ತದೆ. ಆಮೇಲೆ ರೆಫರಿಯನ್ನು ಬೈದು, ಮೈದಾನ ಸರಿಯಿರಲಿಲ್ಲ ಎಂದು ಹೇಳಿ ಜಾರಿಕೊಳ್ಳುತ್ತೇನೆ. ಇಷ್ಟು ವರ್ಷ ಹೀಗೇ ಜಾರಿಕೊಂಡು ಬಂದಿದ್ದೇನೆ. ಪಾಪ, ಆ ರೆಫರಿ ಅವತ್ತು ಒಂದು ತಪ್ಪನ್ನೂ ಮಾಡಲಿಲ್ಲ.

ಎಪ್ಪತ್ತರ ದಶಕದ ನಡುಭಾಗದ ಮಾತು. ನಮ್ಮದು ದೊಡ್ಡ ಕಾರ್ಖಾನೆಯ ತಂಡ. ಊರೂರಿನಿಂದ ಹೆಸರಾಂತ ಫುಟ್‌ಬಾಲ್ ಆಟಗಾರರನ್ನು ಹುಡುಕಿ ತಂದು, ಕೆಲಸ ಕೊಟ್ಟು ಸಾಕುತ್ತಿದ್ದರು. ನಾನು ಸ್ಟೋರ್ಸ್‌ನಲ್ಲಿ ಗುಮಾಸ್ತ, ತಂಡದಲ್ಲಿ ಮುಂದಿನ ಸಾಲಿನ ಆಟಗಾರ, ಮೇಲಾಗಿ ಕ್ಯಾಪ್ಟನ್. ಬೆಳಿಗ್ಗೆ ಹಾಜರಿ ಹಾಕಿ, ಕಾಫಿ ಕುಡಿದು, ಹನ್ನೊಂದಕ್ಕೆಲ್ಲ ಪ್ರಾಕ್ಟೀಸ್ ಎಂದು ಹೊರಟುಬಿಡುತ್ತಿದ್ದೆ. ಪ್ರಾಕ್ಟೀಸಿಗೇ ಹೋಗುತ್ತಿದ್ದೆನೇ ಎಂದು ಮಾತ್ರ ಕೇಳಬೇಡಿ. ನವರಂಗ ಟಾಕೀಸಿನ ಕಡೆ ನಡೆದು ಹೋದರೆ ಜನ ತಿರುಗಿ ನೋಡುತ್ತಿದ್ದರು, ನನಗೆ ಅಷ್ಟು ಸಾಕಾಗಿತ್ತು.

ನಮ್ಮಲ್ಲಿ ಒಂದು ವಿಚಿತ್ರ ರೂಢಿಯಿತ್ತು. ಕಾರ್ಖಾನೆಯ ಒಳಗಿನ ದರ್ಜೆ ಮೈದಾನಕ್ಕೂ ನಮ್ಮ ಬೆನ್ನಿಗೇ ಬರುತ್ತಿತ್ತು. ಖಾಯಂ ನೌಕರನಿಗೆ ಟೆಂಪರರಿಯವನು ಹೀಗೆ ಮಾಡಿ, ಹಾಗೆ ಮಾಡಿ ಎಂದು ಕೂಗುವಂತಿರಲಿಲ್ಲ. ಎದುರಾಳಿಗೆ ಕಾರ್ನರ್ ಕಿಕ್ ಸಿಕ್ಕಾಗ ಹಿಂದಕ್ಕೆ ಓಡಿ ಬಂದು ಗೋಲು ಕಾಯುವುದು ಕಿರಿಯರ ಕೆಲಸ. ಪಂದ್ಯಕ್ಕೆ ಮುಂಚೆ ಮ್ಯಾನೇಜರು ಕಪ್ಪು ಹಲಗೆಯ ಮೇಲೆ ಬರೆದು, ಯಾರು ಯಾವ ನಂಬರಿನವನನ್ನು ಕಾಯಬೇಕು ಎಂದು ಎಲ್ಲರಿಗೂ ಹಂಚುತ್ತಿದ್ದರು. ಹಿರಿಯರಾದ ನಾವು ತಲೆಯಾಡಿಸುತ್ತಿದ್ದೆವು. ಮೈದಾನಕ್ಕಿಳಿದ ಮೇಲೆ ನಡುಗೆರೆಯ ಹತ್ತಿರ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದೆವು. ಸಣ್ಣ ತಂಡಗಳ ಎದುರಿಗೆ ನಾವು ಪದೇಪದೇ ಮುಗ್ಗರಿಸುತ್ತಿದ್ದುದು ಇದರಿಂದಲೇ. ಗೊತ್ತಿದ್ದವರು ಬಾಯಿ ಬಿಡುತ್ತಿರಲಿಲ್ಲ.

ಆ ಗಿರಣಿಯವರ ಅಭ್ಯಾಸವನ್ನು ನಾನು ಒಮ್ಮೆ ನೋಡಿದ್ದೆ. ಬೆಳಗಿನ ಪಾಳಿಗೆ ಮುಂಚೆ ಹನ್ನೊಂದು ಜನ ನೇಕಾರರು, ಚಡ್ಡಿಯ ಮೇಲೆ ಹಳೆಯ ಬನಿಯನ್ ಹಾಕಿಕೊಂಡು, ಚೆಂಡೇ ಇಲ್ಲದೆ ಆಡುತ್ತಿದ್ದರು. ಒಬ್ಬ ಎಡಕ್ಕೆ ನಾಲ್ಕು ಹೆಜ್ಜೆ ಇಟ್ಟರೆ ಉಳಿದವರೆಲ್ಲ ಒಂದೊಂದು ಹೆಜ್ಜೆ ಸರಿಯುವುದು, ಮತ್ತೆ ಮೊದಲಿಂದ ಶುರು. ಒಬ್ಬರಿಗೊಬ್ಬರು ಬೈದುಕೊಳ್ಳುತ್ತಲೂ ಇದ್ದರು. ಹುಚ್ಚಾಸ್ಪತ್ರೆಯಿಂದ ಬಿಟ್ಟಿದ್ದಾರಾ ಎಂದು ನಾನು ಜೊತೆಯವನಿಗೆ ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕೆ.

ಹಾಗೆ ಆಡಬಲ್ಲವನು ನಮ್ಮಲ್ಲೂ ಒಬ್ಬನಿದ್ದ. ವಿಜಯನಗರದವನು, ಹಾಫ್‌ಬ್ಯಾಕ್, ನಡುಸಾಲಿನಲ್ಲಿ ಆಡುವವನು, ಇಪ್ಪತ್ತೈದರ ಆಸುಪಾಸು. ಎರಡು ವರ್ಷದಿಂದ ಟೆಂಪರರಿ. ಅವನಿಗೆ ಮದುವೆ ಗೊತ್ತಾಗಿತ್ತು, ಆದರೆ ಹೆಣ್ಣಿನ ಕಡೆಯವರು ಕೆಲಸ ಖಾಯಂ ಆದ ಕಾಗದ ಕೈಗೆ ಬಂದ ಮೇಲೇ ಲಗ್ನ ಎಂದು ಪಟ್ಟು ಹಿಡಿದಿದ್ದರು. "ಈ ಸೀಸನ್ ಮುಗಿದ್ರೆ ಪರ್ಮನೆಂಟ್ ಮಾಡ್ತಾರಂತೆ ಸಾರ್. ನೀವೊಂದು ಮಾತು ಹೇಳ್ಬೇಕು," ಎಂದು ಅವನು ಬೂಟಿನ ದಾರ ಕಟ್ಟುತ್ತಾ ನನ್ನನ್ನು ಕೇಳಿದ್ದ. ಹೇಳೋಣ ಬಿಡು ಎಂದಿದ್ದೆ. ಹೇಳುವವನೂ ಇದ್ದೆ, ಸುಳ್ಳಲ್ಲ.

ಆ ಗಿರಣಿಯವರ ಎದುರಿನ ಪಂದ್ಯ ಮುಗಿಯಲು ಐದಾರು ನಿಮಿಷವಿತ್ತು. ಇಬ್ಬರಿಗೂ ಗೋಲಿಲ್ಲ. ಗಿರಣಿಯವರಿಗೆ ಕಾರ್ನರ್ ಸಿಕ್ಕಿತು. ಹಲಗೆಯ ಪ್ರಕಾರ ಅವರ ಎಂಟನೇ ನಂಬರಿನವನು ನನ್ನ ಪಾಲಿಗೆ, ಒಂಬತ್ತನೇ ನಂಬರಿನವನು ವಿಜಯನಗರದವನ ಪಾಲಿಗೆ. ನಾನು ನಡುಗೆರೆಯಲ್ಲೇ ನಿಂತಿದ್ದೆ. ಆಗ ಅವನು ಕೂಗಿದ.

"ಸಾರ್, ಎಂಟು ನಿಮ್ಮೋನು! ಬನ್ನಿ ಸಾರ್, ಬನ್ನಿ ಹಿಂದಕ್ಕೆ!"

ಸಾವಿರ ಜನರ ಎದುರಿಗೆ ಒಬ್ಬ ಟೆಂಪರರಿ ನನ್ನನ್ನು ಕೂಗಿ ಕರೆದ. ಮೈ ಉರಿಯಿತು. ಐವತ್ತು ಗಜ ಓಡಿದ್ದರೆ ಮುಗಿಯುತ್ತಿತ್ತು. ನಾನು ಬಗ್ಗಿ ಕಾಲುಚೀಲ ಎಳೆದುಕೊಂಡೆ. ಅದು ಜಾರಿರಲಿಲ್ಲ.

ತಲೆಯೆತ್ತುವಷ್ಟರಲ್ಲಿ ಚೆಂಡು ಗಾಳಿಯಲ್ಲಿತ್ತು. ಗೋಲಿನ ಬಾಯಲ್ಲೇ ಒಬ್ಬಂಟಿಯಾಗಿ ನಿಂತಿದ್ದ ಎಂಟನೇ ನಂಬರಿನವನ ಕಡೆ ವಿಜಯನಗರದವನು ತನ್ನವನನ್ನು ಬಿಟ್ಟು ಓಡುತ್ತಿದ್ದ. ಅಷ್ಟು ದೊಡ್ಡ ಅಪಾಯ ಕಂಡರೆ ಆಟ ಬಲ್ಲ ಯಾರಾದರೂ ಅದನ್ನೇ ಮಾಡುತ್ತಾರೆ. ಅವನು ಬಿಟ್ಟ ಜಾಗಕ್ಕೆ ನಮ್ಮಲ್ಲಿ ಇನ್ನೊಬ್ಬ ಸರಿಯಬೇಕಿತ್ತು, ಯಾರೂ ಸರಿಯಲಿಲ್ಲ. ಚೆಂಡು ಒಂಬತ್ತನೇ ನಂಬರಿನವನ ಹಣೆಗೆ ತಾಗಿ ಬಲೆಗೆ ಹೋಯಿತು.

ಸೋಮವಾರ ಮ್ಯಾನೇಜರು ಎಲ್ಲರನ್ನೂ ಕೋಣೆಗೆ ಕರೆದರು. ಅವರು ಕಾರ್ಖಾನೆಯ ದೊಡ್ಡ ಅಧಿಕಾರಿ. ಪಂದ್ಯದ ಅರ್ಧಕ್ಕೇ ಎದ್ದು ಹೋದವರಾದ್ದರಿಂದ ಗೋಲನ್ನು ನೋಡಿರಲಿಲ್ಲ. ಕೈಯಲ್ಲಿ ಹಲಗೆಯಿಂದ ಬರೆದುಕೊಂಡ ಚೀಟಿಯಿತ್ತು.

"ಗೋಲು ಹೊಡೆದದ್ದು ಒಂಬತ್ತು. ಒಂಬತ್ತು ಯಾರ ಪಾಲಿಗಿತ್ತು?"

"ನನ್ನ ಪಾಲಿಗೆ ಸಾರ್," ಎಂದ ವಿಜಯನಗರದವನು.

"ಮತ್ತೆ ಎಲ್ಲಿ ಹೋಗಿದ್ರಿ?"

ಅವನು ನನ್ನ ಕಡೆ ನೋಡಿದ. ಹಿರಿಯನ ತಪ್ಪನ್ನು ತಾನಾಗಿ ಹೇಳುವಂತಿಲ್ಲ, ಕ್ಯಾಪ್ಟನ್ನೇ ಹೇಳುತ್ತಾರೆ ಎಂದು ಕಾದ. ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಎಲ್ಲರೂ ನೆಲ ನೋಡಿದರು. ನನ್ನ ಮುಂದೆ ಟೀ ಇತ್ತು. ಅದನ್ನು ಎತ್ತಿ ಕುಡಿದೆ. ಅವತ್ತು ನನ್ನ ಗಂಟಲಿನಲ್ಲಿ ಟೀ ಇಳಿದದ್ದು ನೆನಪಾದರೆ ಇವತ್ತಿಗೂ ಹೇಸಿಗೆಯಾಗುತ್ತದೆ.

ಕ್ಯಾಪ್ಟನ್ ವರದಿ ಬರೆಯಬೇಕಿತ್ತು. ನಾನು ಒಂದೇ ಸಾಲು ಬರೆದೆ. ಹಾಫ್‌ಬ್ಯಾಕ್ ಆಟಗಾರ, ಯಾರೂ ಸೂಚಿಸದಿದ್ದರೂ, ತನ್ನ ಜಾಗ ಬಿಟ್ಟು ಓಡಿದ್ದರಿಂದ ಗೋಲಾಯಿತು. ಅದರಲ್ಲಿ ಒಂದು ಪದವೂ ಸುಳ್ಳಲ್ಲ. ಬರೆಯುವಾಗ ನಾನು ಅದನ್ನೇ ನನಗೆ ಹೇಳಿಕೊಂಡೆ. ತಿಂಗಳು ತುಂಬುವ ಮೊದಲೇ ಅವನ ಟೆಂಪರರಿ ಕೆಲಸವೂ ಹೋಯಿತು.

ಒಂದು ಭಾನುವಾರ ಮಧ್ಯಾಹ್ನ ಅವನು ನಮ್ಮ ಮನೆಗೆ ಬಂದ. ಬಾಗಿಲಲ್ಲಿ ಅವನನ್ನು ಕಂಡು ಜಗಳಕ್ಕೇ ಬಂದಿದ್ದಾನೆ ಎಂದುಕೊಂಡೆ. ಬೀದಿಯವರ ಮುಂದೆ ಕೂಗಾಡಿದರೆ ಏನು ಗತಿ ಎಂದು ಒಳಗೆ ಕರೆದು ಕೂರಿಸಿದೆ. ನನ್ನ ಹೆಂಡತಿ ಕಾಫಿ ತಂದಿಟ್ಟಳು. ಅವನು ಲೋಟ ಮುಟ್ಟಲಿಲ್ಲ.

"ಬಿನ್ನಿಪೇಟೆಯವರು ಕರೀತಾ ಇದಾರೆ ಸಾರ್. ಟೀಮಿಗೆ ಬಾ, ಗಿರಣೀಲಿ ಕೆಲಸಾನೂ ಕೊಡಿಸ್ತೀವಿ ಅಂತಾರೆ. ಹೆಣ್ಣಿನ ಮನೆಯವರೂ ಒಪ್ಕೊಂಡಿದಾರೆ."

"ಒಳ್ಳೇದಾಯ್ತಲ್ಲ," ಎಂದೆ.

"ಅವತ್ತು ನಾನು ಆ ಕಡೆ ಓಡಿದ್ದೇ ಸರಿ ಅಂತಾರೆ ಅವರು. ಅದಕ್ಕೇ ಕರೀತಿರೋದು. ಆದ್ರೆ ಕೆಲಸದಿಂದ ತೆಗೆಯೋವಾಗ ಆಫೀಸಲ್ಲಿ ನಿಮ್ಮ ರಿಪೋರ್ಟ್ ತೋರಿಸಿದ್ರು ಸಾರ್ ನಂಗೆ. ನೀವು ಇಷ್ಟು ವರ್ಷ ಆಡಿರೋರು, ಕಾರಣ ಇಲ್ದೆ ಬರೆಯಲ್ಲ. ರಾತ್ರಿಯೆಲ್ಲಾ ಅದೇ ಯೋಚನೆ. ನಿಜ ಹೇಳಿ, ನಂಗೆ ಆಟ ಅರ್ಥ ಆಗಿಲ್ವಾ? ಹಂಗಿದ್ರೆ ನಾನು ಹೋಗಿ ಅವರಿಗೂ ಮೋಸ ಮಾಡ್ದಂಗಾಗುತ್ತೆ."

ಅವನ ಮಾತಿನಲ್ಲಿ ಕೊಂಕು ಹುಡುಕಿದೆ, ಇರಲಿಲ್ಲ. ಅವನು ನಿಜವಾಗಿಯೂ ಕೇಳುತ್ತಿದ್ದ. ನಾನು ಬರೆದದ್ದನ್ನು ನಂಬಿದ್ದ. ನಾನು ಕಾಲುಚೀಲ ಎಳೆದುಕೊಂಡದ್ದನ್ನು ಕಣ್ಣಾರೆ ಕಂಡವನು, ಅದಕ್ಕೂ ಏನೋ ಒಂದು ಕಾರಣವಿರಬೇಕು ಎಂದುಕೊಂಡಿದ್ದ.

ತಪ್ಪು ನಿನ್ನದಲ್ಲ, ನನ್ನದು ಎಂದರೆ ಮುಗಿಯುತ್ತಿತ್ತು. ಹೆಂಡತಿ ಬಾಗಿಲ ಹತ್ತಿರವೇ ನಿಂತಿದ್ದಳು. ಹಾಗೆಂದರೆ, ಮತ್ತೆ ಹಾಗೇಕೆ ಬರೆದಿರಿ ಎಂದು ಅವನು ಕೇಳುತ್ತಾನೆ ಎಂಬ ಭಯ ಒಂದು ಕಡೆ. ಇವನೂ ಆ ತಂಡಕ್ಕೆ ಸೇರಿದರೆ ಮುಂದಿನ ವರ್ಷವೂ ನಮಗೆ ಸೋಲು ತಪ್ಪಿದ್ದಲ್ಲ ಎಂಬ ಲೆಕ್ಕಾಚಾರ ಇನ್ನೊಂದು ಕಡೆ. ಹೌದು, ಆ ಗಳಿಗೆಯಲ್ಲಿ ಅದನ್ನೂ ಯೋಚಿಸಿದೆ. ಅಂಥ ಮನುಷ್ಯ ನಾನು.

"ಜಾಗ ಬಿಡಬಾರದಿತ್ತು ಕಣಯ್ಯಾ," ಎಂದೆ. "ಅದು ದೊಡ್ಡ ತಪ್ಪು."

ಅವನು ತಣ್ಣಗಾಗಿದ್ದ ಕಾಫಿಯನ್ನು ಒಂದೇ ಸಲಕ್ಕೆ ಕುಡಿದು ಎದ್ದ. "ಥ್ಯಾಂಕ್ಸ್ ಸಾರ್. ಮನಸ್ಸಲ್ಲಿ ಕೊರೀತಾ ಇತ್ತು. ನೇರವಾಗಿ ಹೇಳಿದ್ರಲ್ಲ, ಒಳ್ಳೇದಾಯ್ತು," ಎಂದು ನನ್ನ ಹೆಂಡತಿಗೂ ಕೈಮುಗಿದು ಹೊರಟ.

ಅವನು ಬಿನ್ನಿಪೇಟೆಗೆ ಹೋಗಲಿಲ್ಲ. ಮದುವೆಯ ಮಾತು ಅಲ್ಲಿಗೇ ನಿಂತಿತು ಎಂದು ಆಮೇಲೆ ಯಾರೋ ಹೇಳಿದರು. ಅವನು ಮತ್ತೆ ಎಲ್ಲಿಯೂ ಆಡಲಿಲ್ಲ. ನಾನು ಇನ್ನೂ ನಾಲ್ಕು ವರ್ಷ ಕ್ಯಾಪ್ಟನ್ ಆಗಿದ್ದೆ.